ಸಣ್ಣ ನಾಯಿ ನಡುಗುತ್ತಿದ್ದರೆ: ಸ್ವೆಟರ್‌ಗಿಂತ ಮೊದಲು ಥರ್ಮಾಮೀಟರ್ ಹುಡುಕಿ

ಪಾಮೇರಿಯನ್, ಚಿವಾವಾ, ಮಿನಿ ಪಿಂಚರ್, ಪಗ್, ಡ್ಯಾಶ್‌ಹೌಂಡ್, ಮಾಲ್ಟೀಸ್, ಹೀಗೆ ಹತ್ತು ಕಿಲೊದೊಳಗಿನ ನಾಯಿ ಸಾಕಿದ ಮನೆಯಲ್ಲಿ "ಯಾಕೋ ಗಡಗಡ ನಡಗಾಕತ್ತೇತಿ" ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಓಣಿಯವರ ಉತ್ತರವೂ ತಯಾರಿರುತ್ತದೆ: "ಥಂಡಿ ಹತ್ತೇತಿ, ಸ್ವೆಟರ್ ಹಾಕ್ರಿ." ಹಲವು ಸಲ ಅದು ಸರಿಯಾದ ಉತ್ತರವೇ. ಆದರೆ ಜ್ವರ ಬಂದ ನಾಯಿಯೂ ನಡುಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿದ ಮರಿಯೂ ನಡುಗುತ್ತದೆ, ಉಣ್ಣಿ ಔಷಧ ಮೈಗೇರಿದ ನಾಯಿಯೂ ನಡುಗುತ್ತದೆ. ಇವಕ್ಕೆ ಸ್ವೆಟರ್ ಹಾಕಿ ಬೆಳಗಿನವರೆಗೆ ಕಾದರೆ ಪರಿಸ್ಥಿತಿ ಕೈಮೀರಿರುತ್ತದೆ. ಆದ್ದರಿಂದ ಖರ್ಚಿಲ್ಲದ ತಪಾಸಣೆಗಳನ್ನು ಮೊದಲು ಮುಗಿಸಿ, ಆಮೇಲೆ ನಿಮ್ಮ ನಾಯಿಯ ಲಕ್ಷಣ ಕೆಳಗಿನ ಯಾವ ಭಾಗಕ್ಕೆ ಹೊಂದುತ್ತದೆಂದು ನೋಡಿ.

ಮೊದಲ ಐದು ನಿಮಿಷ

ನಡುಕ ಕಂಡ ಕೂಡಲೇ ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನಡುಕ ನಿಂತಿರುತ್ತದೆ, ಆಗ ಡಾಕ್ಟರಿಗೆ ತೋರಿಸಲು ಇದೊಂದೇ ಸಾಕ್ಷಿ.

ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡಿ, ಎದ್ದು, ನಾಲ್ಕು ಹೆಜ್ಜೆ ನೆಟ್ಟಗೆ ನಡೆದು, ಇಷ್ಟದ ತಿನಿಸನ್ನು ಬಾಯಿಗೆ ತೆಗೆದುಕೊಂಡರೆ ನಿಮಗೆ ಯೋಚಿಸಲು ಸಮಯವಿದೆ ಎಂದರ್ಥ. ನಡುಗುತ್ತಲೇ ತಿನ್ನುವ ನಾಯಿಗೂ ನಡುಗುತ್ತ ಮುಖ ತಿರುಗಿಸುವ ನಾಯಿಗೂ ಬಹಳ ವ್ಯತ್ಯಾಸ.

ಮೇಲ್ದುಟಿ ಎತ್ತಿ ಒಸಡು ನೋಡಿ. ಅದು ತಿಳಿಗುಲಾಬಿ ಬಣ್ಣದಲ್ಲಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಪಗ್‌ನಂಥ ನಾಯಿಗಳ ಒಸಡು ಕಪ್ಪಿದ್ದರೆ ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಭಾಗ ನೋಡಿ. ಸುಣ್ಣದಂತೆ ಬಿಳಿ, ನೀಲಿ, ಅರಿಸಿನ, ಇಟ್ಟಿಗೆ ಕೆಂಪು ಇವು ನಾಲ್ಕೂ ಕೆಟ್ಟ ಬಣ್ಣಗಳೇ. ಕಚ್ಚುವ ಸ್ವಭಾವದ ನಾಯಿಯಾದರೆ, ಅಥವಾ ಸ್ವಭಾವವೇ ಒಮ್ಮೆಲೇ ಬದಲಾಗಿ, ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ರೇಬೀಸ್ ಲಸಿಕೆ ಬಾಕಿ ಇರುವ ನಾಯಿಯಲ್ಲಿ ಇದು ಆ ರೋಗವೂ ಆಗಿರಬಹುದು. ಒಂದು ಖೋಲಿಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಈಗ ಥರ್ಮಾಮೀಟರ್. ಯಾವುದೇ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು, ನಾಯಿಗೆಂದೇ ಒಂದು ಬೇರೆ ಇಟ್ಟುಕೊಳ್ಳಿ. ತುದಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದ್ವಾರದೊಳಗೆ ಎರಡು ಸೆಂಟಿಮೀಟರ್‌ನಷ್ಟು ಮೆಲ್ಲಗೆ ಸರಿಸಿ ಬೀಪ್ ಸದ್ದು ಬರುವವರೆಗೆ ಹಿಡಿಯಿರಿ. ಒಬ್ಬರು ಎದೆಗವಚಿ ಹಿಡಿದರೆ ಇನ್ನೊಬ್ಬರಿಗೆ ಸುಲಭ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಕೂದಲಿನ ಮೈಮೇಲೆ ಸರಿ ತೋರಿಸುವುದಿಲ್ಲ. ಮೂಗು ಒಣಗಿದ್ದರೆ ಜ್ವರ, ಹಸಿಯಿದ್ದರೆ ಆರಾಮ ಎಂಬ ಲೆಕ್ಕವನ್ನೂ ನಂಬಬೇಡಿ.

ಓದುವುದು ಹೀಗೆ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮಗೆ ಜ್ವರವೆನಿಸುವ 101 ಅದಕ್ಕೆ ಮಾಮೂಲಿ ಮೈಬಿಸಿ, ಇದು ತಿಳಿಯದೆ ಗಾಬರಿಯಾಗುವವರೇ ಹೆಚ್ಚು. 103 ದಾಟಿದರೆ ಜ್ವರ. ಆದರೆ ಓಡಿಬಂದ ಅಥವಾ ಹೆದರಿದ ನಾಯಿಯಲ್ಲೂ ಅಷ್ಟು ಏರುವುದುಂಟು, ಇಪ್ಪತ್ತು ನಿಮಿಷ ಸುಮ್ಮನೆ ಮಲಗಿಸಿ ಮತ್ತೆ ನೋಡಿ. 104 ಇದ್ದರೆ ಅಂದೇ ಆಸ್ಪತ್ರೆ. 105 ದಾಟಿದರೆ ಈಗಿಂದೀಗ. 100ಕ್ಕಿಂತ ಕೆಳಗಿಳಿದರೆ ಮೈ ತಣ್ಣಗಾಗುತ್ತಿದೆ, 99ಕ್ಕಿಂತ ಕೆಳಗೆ ಅಪಾಯ.

ಈ ಕೆಳಗಿನದರಲ್ಲಿ ಒಂದು ಕಂಡರೂ ಮುಂದೆ ಓದುತ್ತ ಕೂರದೆ ಹೊರಡಿ: ಕರೆದರೆ ಪ್ರಜ್ಞೆಯಿಲ್ಲ, ನಿಲ್ಲಲಾಗದೆ ಬೀಳುತ್ತಿದೆ, ಒಸಡು ಬಿಳಿಚಿದೆ ಅಥವಾ ನೀಲಿಯಾಗಿದೆ, ಮಲಗಿದ್ದರೂ ಏದುಸಿರು ಬಿಡುತ್ತಿದೆ, ವಿಷ ತಿಂದಿರುವ ಅನುಮಾನವಿದೆ, ಬಾಣಂತಿ ನಾಯಿ ನಡುಗುತ್ತಿದೆ, ಹಿಂಗಾಲು ಎಳೆಯುತ್ತಿದೆ, ಫಿಟ್ಸ್ ಐದು ನಿಮಿಷ ದಾಟಿದೆ.

ನಸುಕಿನಲ್ಲಿ, ಜಿಟಿಜಿಟಿ ಮಳೆಯಲ್ಲಿ, ಸ್ನಾನದ ನಂತರ ನಡುಗುತ್ತದೆ, ಬೆಚ್ಚಗಾದರೆ ನಿಲ್ಲುತ್ತದೆ

ಇದು ಚಳಿಯ ನಡುಕ. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ. ಸ್ನಾಯುಗಳು ಪಟಪಟ ಅದುರಿ ಆ ಶಾಖವನ್ನು ಮತ್ತೆ ಹುಟ್ಟಿಸುತ್ತವೆ. ಚಿವಾವಾ, ಮಿನಿ ಪಿಂಚರ್‌ಗಳಿಗೆ ಕೂದಲು ಗಿಡ್ಡ, ಚರ್ಮದಡಿ ಕೊಬ್ಬೂ ಕಡಿಮೆ. ಡಿಸೆಂಬರ್–ಜನವರಿಯಲ್ಲಿ ಧಾರವಾಡದ ನಸುಕು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ನಮಗೊಂದು ಶಾಲು ಸಾಕು, ಎರಡು ಕಿಲೊದ ನಾಯಿಗೆ ಅದು ದೊಡ್ಡ ಚಳಿ. ಜುಲೈ–ಆಗಸ್ಟ್ ಇನ್ನೂ ಮೋಸದ ಕಾಲ. ಥಂಡಿ ಅಷ್ಟಿರುವುದಿಲ್ಲ, ಆದರೆ ದಿನವಿಡೀ ಹನಿಯುವ ಮಳೆಯಲ್ಲಿ ಹೊಟ್ಟೆಯ ಕೆಳಗಿನ ಕೂದಲು ಒದ್ದೆಯಾಗಿಯೇ ಉಳಿಯುತ್ತದೆ. ಮೇಲೆ ಸವರಿದರೆ ಒಣಗಿದಂತೆ ಕಾಣುವ ಪಾಮೇರಿಯನ್‌ನ ಒಳಗೂದಲಲ್ಲಿ ಬೆರಳಾಡಿಸಿ ನೋಡಿ, ನೀರು ಬುಡದಲ್ಲಿರುತ್ತದೆ.

ಮೊದಲು ನೆಲ ನೋಡಿ. ಕಡಪಾ ಕಲ್ಲು, ಟೈಲ್ಸ್, ಗ್ರಾನೈಟ್ ಫರಶಿ ಮೈಯ ಶಾಖವನ್ನು ಎಳೆದುಕೊಳ್ಳುತ್ತವೆ. ತೆಳ್ಳನೆಯ ಚಾದರ ಹಾಸಿದರೆ ಸಾಲದು. ಕೆಳಗೆ ಗೋಣಿಚೀಲ ಅಥವಾ ಮರದ ಹಲಗೆ, ಅದರ ಮೇಲೆ ನಾಲ್ಕು ಮಡಿಕೆಯ ಹಳೇ ಕೌದಿ ಹಾಕಿ. ಹಾಸಿಗೆಗೆ ಅಂಚು ಎದ್ದಿದ್ದರೆ ಇನ್ನೂ ಒಳ್ಳೆಯದು. ಒಂದು ಪಕ್ಕ ಕತ್ತರಿಸಿದ ರಟ್ಟಿನ ಡಬ್ಬಿಯೇ ಸಾಕು, ದುಬಾರಿ ಹಾಸಿಗೆ ಬೇಕಿಲ್ಲ. ಬಾಗಿಲ ಸಂದಿಯ ಗಾಳಿ ನೇರವಾಗಿ ಬೀಸುವ ಜಾಗ ಬಿಟ್ಟು ಇಡಿ.

ಸ್ವೆಟರ್ ಹಾಕುವುದಾದರೆ ಕುತ್ತಿಗೆಯ ಬಳಿ ಎರಡು ಬೆರಳು ಆಡುವಷ್ಟು ಸಡಿಲವಿರಲಿ, ಹೊಟ್ಟೆ ಮುಚ್ಚಲಿ, ಗಂಡುನಾಯಿಗೆ ಮೂತ್ರ ತಾಗದಂತೆ ಹಿಂದೆ ಕುಡುಗೋಲಿನ ಆಕಾರಕ್ಕೆ ಕತ್ತರಿಸಿರಲಿ. ಒದ್ದೆಯಾದ ಸ್ವೆಟರ್ ಬರಿಮೈಗಿಂತ ಕೆಟ್ಟದ್ದು, ಕೂಡಲೇ ಬಿಚ್ಚಿ. ದಿನಕ್ಕೊಮ್ಮೆ ತೆಗೆದು ಕಂಕುಳಲ್ಲಿ ಉಜ್ಜಿದ ಗಾಯ, ಉಣ್ಣಿ ಇವೆಯೇ ನೋಡಿ. ಬೇಸಿಗೆಯಲ್ಲಿ ಶೆಕೆ ಎಂದು ಪಾಮೇರಿಯನ್‌ನ ಕೂದಲನ್ನು ಬುಡಸಮೇತ ಬೋಳಿಸುವವರಿದ್ದಾರೆ. ಆ ಕೂದಲು ಬಿಸಿಲಿಗೂ ರಕ್ಷಣೆ. ಬೋಳಿಸಿದರೆ ಮಳೆಗಾಲ ಬರುವಷ್ಟರಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ, ಕೆಲವಕ್ಕೆ ಮೊದಲಿನಂತೆ ಬೆಳೆಯುವುದೂ ಇಲ್ಲ.

ಸ್ನಾನ ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ, ಮುಂಗೈಗೆ ಹಿತವೆನಿಸುವ ಉಗುರುಬೆಚ್ಚನೆಯ ನೀರಿನಲ್ಲಿ. ಹೇರ್ ಡ್ರೈಯರ್ ಕಡಿಮೆ ಬಿಸಿಗಿಟ್ಟು ಒಂದಡಿ ದೂರದಿಂದ ಹಿಡಿದು, ನಿಮ್ಮ ಇನ್ನೊಂದು ಕೈಯನ್ನು ಗಾಳಿ ಬೀಳುವಲ್ಲೇ ಇಟ್ಟುಕೊಂಡಿರಿ.

ಮೈ 100 ಡಿಗ್ರಿಗಿಂತ ಕೆಳಗಿದ್ದರೆ ಒರೆಸಿ ಒಣಗಿಸಿ, ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಎರಡು ಸುತ್ತು ಸುತ್ತಿ ಹೊಟ್ಟೆ–ಎದೆಯ ಪಕ್ಕಕ್ಕೆ ಇಡಿ. ಬಿಸಿ ಹೆಚ್ಚೆನಿಸಿದರೆ ಸರಿದುಕೊಳ್ಳಲು ಜಾಗವಿರಲಿ. ಕಾಲುಗಳನ್ನು ತಿಕ್ಕಬೇಡಿ, ಹಾಗೆ ತಿಕ್ಕಿದರೆ ಅಲ್ಲಿನ ತಣ್ಣನೆಯ ರಕ್ತ ಒಮ್ಮೆಲೇ ಹೃದಯಕ್ಕೆ ಮರಳುತ್ತದೆ. 15 ನಿಮಿಷಕ್ಕೊಮ್ಮೆ ಜ್ವರ ನೋಡಿದಂತೆ ನೋಡಿ, 100 ದಾಟಿದ ಮೇಲೆ ಚೀಲ ತೆಗೆಯಿರಿ. ಕರೆಂಟಿನ ಹೀಟಿಂಗ್ ಪ್ಯಾಡ್ ಮೇಲೆ ನಿತ್ರಾಣದ ನಾಯಿಯನ್ನು ಮಲಗಿಸಿ ಬಿಟ್ಟರೆ ಚರ್ಮ ಬೆಂದದ್ದು ಎರಡು ದಿನದ ಮೇಲೆ ಕಾಣುತ್ತದೆ. ಥಂಡಿಗೆಂದು ಚಮಚ ಬ್ರಾಂದಿ ಕುಡಿಸುವ ರೂಢಿಯನ್ನಂತೂ ಬಿಟ್ಟೇಬಿಡಿ: ಅದು ಮೈಯ ಶಾಖವನ್ನೂ ರಕ್ತದ ಸಕ್ಕರೆಯನ್ನೂ ಇನ್ನಷ್ಟು ಇಳಿಸುತ್ತದೆ.

ತಣ್ಣಗಾದ ನಾಯಿಯ ನಡುಕ ತಾನಾಗಿ ನಿಂತು ಅದು ತೂಕಡಿಸತೊಡಗಿದರೆ ಅದು ಗುಣವಾದ ಲಕ್ಷಣವಲ್ಲ. ನಡುಗಲೂ ಶಕ್ತಿಯಿಲ್ಲದ ಹಂತ ಅದು. ಕೌದಿಯಲ್ಲಿ ಸುತ್ತಿಕೊಂಡು ಹೊರಡಿ.

ಪಟಾಕಿ, ಹಲಗಿ, ಗುಡುಗು ಶುರುವಾದರೆ ನಡುಗುತ್ತದೆ

ಕಿವಿ ಹಿಂದಕ್ಕೆ, ಬಾಲ ಕಾಲಸಂದಿಗೆ, ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು, ಮಂಚದ ಕೆಳಗೆ ನುಸುಳುವುದು: ಇದು ಅಂಜಿಕೆ. ಹುಬ್ಬಳ್ಳಿಯಲ್ಲಿ ಹೋಳಿಯ ಹಲಗಿ, ಗಣಪತಿ ಮೆರವಣಿಗೆಯ ಡಿಜೆ, ದೀಪಾವಳಿ, ಏಪ್ರಿಲ್–ಮೇ ತಿಂಗಳ ಸಿಡಿಲು ಮಳೆ ಎಂದು ವರ್ಷದಲ್ಲಿ ನಾಲ್ಕಾರು ಸಲ ಇದು ಖಚಿತ. ಮನೆಯ ಒಳಗಿನ, ಕಿಟಕಿ ಕಡಿಮೆಯಿರುವ ಖೋಲಿಯಲ್ಲಿ ಅದರ ಹಾಸಿಗೆ ಇಟ್ಟು, ಫ್ಯಾನು ಅಥವಾ ಟಿವಿ ಸದ್ದು ಹಾಕಿ, ಪಕ್ಕಕ್ಕೆ ಕುಳಿತುಕೊಳ್ಳಿ. "ಮುದ್ದು ಮಾಡಿದರೆ ಅಂಜಿಕೆ ಹೆಚ್ಚುತ್ತದೆ" ಎಂಬುದು ಸುಳ್ಳು. ಹತ್ತಿರ ಬಂದರೆ ಸವರಿ. ಬೈಯುವುದು, ಅವಿತ ಜಾಗದಿಂದ ಹೊರಗೆಳೆಯುವುದು ಮಾತ್ರ ಬೇಡ. ಮೂತ್ರಕ್ಕೆ ಕತ್ತಲಾಗುವ ಮೊದಲೇ ಒಯ್ಯಿರಿ, ಬೆಲ್ಟ್ ಬಿಗಿಯಿರಲಿ. ಬಾಗಿಲು ಗೀಚಿ ಉಗುರು ಕಿತ್ತುಕೊಳ್ಳುವಷ್ಟು ಹೆದರುವ ನಾಯಿಗೆ ಹಬ್ಬಕ್ಕೆ ಒಂದು ವಾರ ಮೊದಲೇ ಡಾಕ್ಟರನ್ನು ಕಂಡು ಔಷಧ ಬರೆಸಿಕೊಳ್ಳಿ. ನಿಮ್ಮ ಮನೆಯ ನಿದ್ರೆ ಗುಳಿಗೆಯ ಚೂರು ಕೊಡಬೇಡಿ.

ಸದ್ದು ನಿಂತು ಒಂದು ತಾಸಾದರೂ ನಡುಕ ಇಳಿಯದಿದ್ದರೆ ಅಂಜಿಕೆಯೊಂದೇ ಕಾರಣವಲ್ಲವೆಂದು ತಿಳಿದು ಮತ್ತೆ ಮೊದಲಿನಿಂದ ತಪಾಸಣೆ ಮಾಡಿ.

ಸಣ್ಣ ಮರಿ ಮಂಕಾಗಿ, ತೂರಾಡುತ್ತ ನಡುಗುತ್ತದೆ

ಮೂರು–ನಾಲ್ಕು ತಿಂಗಳೊಳಗಿನ, ಅಂಗೈಯಲ್ಲಿ ಹಿಡಿಯುವಂಥ ಮರಿಯಲ್ಲಿ ಇದು ಕಂಡರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದೇ ಮೊದಲು ಅನುಮಾನಿಸಿ. ಅದರ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಕೆಲವೇ ತಾಸಿಗೆ ಖಾಲಿಯಾಗುತ್ತದೆ. ಒಂದು ಹೊತ್ತು ಊಟ ತಪ್ಪಿದರೆ, ಬಸ್ಸಿನಲ್ಲಿ ದೂರ ತಂದರೆ, ಭೇದಿಯಾದರೆ, ಹೊಟ್ಟೆಯಲ್ಲಿ ಜಂತು ತುಂಬಿದ್ದರೆ, ಮಕ್ಕಳು ದಿನವಿಡೀ ಆಡಿಸಿ ಮಲಗಲು ಬಿಡದಿದ್ದರೆ ಮರಿ ಕುಸಿಯುತ್ತದೆ. ಮೊದಲು ಆಟ ಬಿಟ್ಟು ಮೂಲೆ ಹಿಡಿಯುತ್ತದೆ, ಆಮೇಲೆ ಕುಡಿದವರಂತೆ ತೂರಾಡಿ ನಡುಗುತ್ತದೆ, ಕೊನೆಗೆ ಫಿಟ್ಸ್.

ಒಂದು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಮೂರು ಚಮಚ ಬೆಚ್ಚನೆಯ ನೀರಿನಲ್ಲಿ ಕರಗಿಸಿ. ಜೇನುತುಪ್ಪವೂ ಆದೀತು. ಬೆರಳಿಗೆ ಹಚ್ಚಿಕೊಂಡು ಒಸಡಿಗೆ, ಕೆನ್ನೆಯ ಒಳಭಾಗಕ್ಕೆ ತಿಕ್ಕಿ. ಮರಿಯ ತೂಕ ಒಂದು ಕಿಲೊ ಇದ್ದರೆ ಒಂದೆರಡು ಎಂಎಲ್ ಒಳಗೆ ಹೋದರೆ ಸಾಕು. ನುಂಗಲಾರದ ಮರಿಯ ಬಾಯಿಗೆ ಸಿರಿಂಜಿನಿಂದ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಜೊತೆಗೆ ಎದೆಗವಚಿಕೊಂಡು ಬೆಚ್ಚಗಿಡಿ. ಸಕ್ಕರೆಯೇ ಕಾರಣವಾಗಿದ್ದರೆ ಐದು–ಹತ್ತು ನಿಮಿಷದಲ್ಲಿ ತಲೆ ಎತ್ತುತ್ತದೆ. ಎತ್ತಿದ ಮೇಲೆ ಸ್ವಲ್ಪ ಮೆತ್ತನೆಯ ಊಟ ಕೊಡಿ, ಏಕೆಂದರೆ ಬರೀ ಸಕ್ಕರೆ ಕೊಟ್ಟು ಬಿಟ್ಟರೆ ಅರ್ಧ ತಾಸಿಗೆ ಮತ್ತೆ ಇಳಿಯುತ್ತದೆ. ಚೇತರಿಸಿದರೂ ಅದೇ ದಿನ ಡಾಕ್ಟರಿಗೆ ತೋರಿಸಿ, ಹತ್ತು ನಿಮಿಷದಲ್ಲಿ ಚೇತರಿಸದಿದ್ದರೆ ಒಸಡಿಗೆ ಹಚ್ಚುತ್ತಲೇ ಹೊರಡಿ. ಮನೆಯಲ್ಲಿ ಮಧುಮೇಹದ ಗ್ಲುಕೋಮೀಟರ್ ಇದ್ದರೆ ಕಿವಿಯ ಅಂಚಿನಿಂದ ಒಂದು ಹನಿ ತೆಗೆದು ನೋಡಬಹುದು. ಮನುಷ್ಯರ ಮೀಟರ್ ನಾಯಿಯ ರಕ್ತದಲ್ಲಿ ನಿಜಕ್ಕಿಂತ ತುಸು ಕಡಿಮೆ ತೋರಿಸುವುದುಂಟು, ಆದರೂ 60ಕ್ಕಿಂತ ಕೆಳಗಿದ್ದರೆ ಕಡಿಮೆಯೆಂದೇ ಹಿಡಿಯಿರಿ. ಇನ್ಸುಲಿನ್ ತೆಗೆದುಕೊಳ್ಳುವ ದೊಡ್ಡ ನಾಯಿ ನಡುಗಿದರೂ ಇದೇ ಮೊದಲ ಉಪಚಾರ.

ಮತ್ತೆ ಆಗದಂತೆ ದಿನಕ್ಕೆ ನಾಲ್ಕೈದು ಸಲ ಉಣಿಸಿ, ಮಲಗುವ ಮುಂಚೆ ಒಂದು ಸಲ ತಪ್ಪದೆ. ಮನೆಯವರ ಶ್ರಾವಣ ಸೋಮವಾರದ ಉಪವಾಸ ಮರಿಗೆ ಬೇಡ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ, ಮಾರುವವರು ಎಷ್ಟೇ ಒತ್ತಾಯಿಸಲಿ. ಚೆನ್ನಾಗಿ ಉಂಡರೂ ಪದೇ ಪದೇ ಹೀಗಾದರೆ, ಅದರಲ್ಲೂ ಉಂಡ ಒಂದೆರಡು ತಾಸಿಗೆ ಮಂಕಾದರೆ, ಹುಟ್ಟಿನಿಂದಲೇ ಪಿತ್ತಜನಕಾಂಗದ ರಕ್ತನಾಳದಲ್ಲಿ ದೋಷವಿರಬಹುದು. ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್‌ಗಳಲ್ಲಿ ಅದು ಹೆಚ್ಚು. ಅದಕ್ಕೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕು.

ಉಣ್ಣಿ ಔಷಧ ಹಾಕಿದ ಮೇಲೆ, ಅಥವಾ ಹೊರಗೆ ಏನೋ ತಿಂದು ಬಂದ ಮೇಲೆ ನಡುಗುತ್ತದೆ

ನಮ್ಮ ಕಡೆ ಸಣ್ಣ ನಾಯಿಗೆ ಆಗುವ ವಿಷಬಾಧೆಯಲ್ಲಿ ಮನೆಯವರೇ ಹಚ್ಚಿದ ಔಷಧವನ್ನು ಮೊದಲು ನೆನೆಯಬೇಕು. ಎತ್ತು ಎಮ್ಮೆಗೆಂದು ತಂದ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ದ್ರಾವಣ ಮನೆಯಲ್ಲಿರುತ್ತದೆ. "ನಾಯಿಗೂ ನಡೀತೇತಿ" ಎಂದು ಮುಚ್ಚಳದ ಅಂದಾಜಿನಲ್ಲಿ ಬಕೆಟ್ಟಿಗೆ ಬೆರೆಸಿ ಮೀಯಿಸುತ್ತಾರೆ. ಮುನ್ನೂರು ಕಿಲೊದ ಎಮ್ಮೆಗೆ ಅರ್ಧ ಮುಚ್ಚಳ ಹೆಚ್ಚಾದರೆ ಏನೂ ಆಗದು. ಮೂರು ಕಿಲೊದ ನಾಯಿಗೆ, ಅದೂ ಮೈ ನೆಕ್ಕಿಕೊಂಡರೆ, ಅದೇ ಹೆಚ್ಚಳ ಜೊಲ್ಲು, ಚರ್ಮದ ಮಿಡಿತ, ನಡುಕ, ಫಿಟ್ಸ್ ತರುತ್ತದೆ. ಜಂತು, ಹೇನು–ಹುಳಕ್ಕೆಂದು ಕೊಡುವ ದನದ ಐವರ್‌ಮೆಕ್ಟಿನ್ ಇಂಜೆಕ್ಷನ್ನಿನ ಕಥೆಯೂ ಇದೇ. ಅಲ್ಲಿ ಹನಿಯೊಂದು ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಅಮಿಟ್ರಾಜ್ ಇರುವ ಉಣ್ಣಿ ದ್ರಾವಣದಲ್ಲಿ ನಡುಕಕ್ಕಿಂತ ತೂಕಡಿಕೆ, ನಿಧಾನ ಎದೆಬಡಿತ, ತಣ್ಣನೆಯ ಮೈ ಎದ್ದು ಕಾಣುತ್ತವೆ. ಚಿವಾವಾಕ್ಕೆ ಅದನ್ನು ಬಳಸದಿರುವುದೇ ಲೇಸು.

ನಾಯಿಗೆ ಪ್ರಜ್ಞೆಯಿದ್ದು ಫಿಟ್ಸ್ ಇಲ್ಲದಿದ್ದರೆ, ಕೈಗವಸು ಹಾಕಿಕೊಂಡು, ಪಾತ್ರೆ ತೊಳೆಯುವ ದ್ರವಸೋಪಿನಿಂದ ಉಗುರುಬೆಚ್ಚನೆಯ ನೀರಿನಲ್ಲಿ ಎರಡು–ಮೂರು ಸಲ ತೊಳೆಯಿರಿ. ಬಿಸಿನೀರು ಬೇಡ, ಚರ್ಮದ ರಕ್ತನಾಳ ಹಿಗ್ಗಿ ವಿಷ ಇನ್ನಷ್ಟು ಹೀರುತ್ತದೆ. ತೊಳೆದ ಕೂಡಲೇ ಒಣಗಿಸಿ, ಟವೆಲ್ ಸುತ್ತಿ, ಔಷಧದ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ಫಿಟ್ಸ್ ಇದ್ದರೆ ತೊಳೆಯುತ್ತ ಹೊತ್ತು ಕಳೆಯಬೇಡಿ.

ಹೊಲದ ಕೀಟನಾಶಕದ ಲಕ್ಷಣ ಬೇರೆ. ಹಾವೇರಿ ಕಡೆಯ ಮೆಣಸಿನಗಿಡ, ಗದಗ ಕಡೆಯ ಹತ್ತಿ ಹೊಲಗಳಲ್ಲಿ ಸಿಂಪಡಣೆ ಆದ ದಿನ ಬದುವಿನ ಮೇಲೆ ಓಡಾಡಿ, ಪಂಪಿನ ಪಕ್ಕದ ಬಕೆಟ್ ನೆಕ್ಕಿ ಬಂದ ನಾಯಿಗೆ ಕಣ್ಣು–ಬಾಯಿ–ಮೂಗಿನಿಂದ ನೀರು, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಮೈತುಂಬ ಸ್ನಾಯು ಅದುರುವುದು ಕಂಡರೆ ಅದು ಆರ್ಗನೊಫಾಸ್ಫೇಟ್ ಗುಂಪಿನ ವಿಷವೆಂದು ಸಂಶಯಿಸಿ. ಇದಕ್ಕೆ ಪಶುವೈದ್ಯರ ಬಳಿ ಅಟ್ರೋಪಿನ್ ಎಂಬ ಮದ್ದಿದೆ, ಆದರೆ ಹೊತ್ತು ಮೀರಬಾರದು.

ತಿಂದದ್ದರಲ್ಲಿ ನೋಡಬೇಕಾದವು: ರಸ್ತೆಬದಿ ಬಿದ್ದ ಗುಟ್ಖಾ ಚೀಟಿ ಮತ್ತು ತಂಬಾಕು (ಸಿಹಿವಾಸನೆಗೆ ನೆಕ್ಕುತ್ತವೆ, ನಿಕೋಟಿನ್ ಒಂದು ತಾಸಿನೊಳಗೆ ವಾಂತಿ, ನಡುಕ ತರುತ್ತದೆ), ತಿಪ್ಪೆಯಲ್ಲಿನ ಬೂಸು ಹಿಡಿದ ರೊಟ್ಟಿ–ಅನ್ನ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್, ಚಾಕೊಲೇಟ್. ಮೂರು ಕಿಲೊ ನಾಯಿಗೆ 30 ಗ್ರಾಂ ಕಡುಕಪ್ಪು ಚಾಕೊಲೇಟ್ ಕೂಡ ಎದೆಬಡಿತ ಏರಿಸಿ ನಡುಗಿಸಲು ಸಾಕು. ಜೈಲಿಟಾಲ್ ಅರ್ಧ ತಾಸಿನಲ್ಲೇ ಸಕ್ಕರೆ ಇಳಿಸಬಲ್ಲದು, ಆಮೇಲೆ ಪಿತ್ತಜನಕಾಂಗ ಕೆಡುತ್ತದೆ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಉಪಾಯ ಸಣ್ಣ ನಾಯಿಗೆ ತಾನೇ ವಿಷ. ನಡುಗುತ್ತಿರುವ, ತೂಕಡಿಸುವ ನಾಯಿಗೆ ಯಾವ ರೀತಿಯಲ್ಲೂ ವಾಂತಿ ಮಾಡಿಸಬಾರದು. ಇಲಿ ಪಾಷಾಣದಲ್ಲಿ ಜಿಂಕ್ ಫಾಸ್ಫೈಡ್ ಇದ್ದರೆ ಊಟ, ಹಾಲು ಏನನ್ನೂ ಕೊಡಬೇಡಿ. ಹೊಟ್ಟೆಯ ಆಮ್ಲ ಸೇರಿ ವಿಷಗಾಳಿ ಹುಟ್ಟುತ್ತದೆ. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆಯ ವಾಂತಿ ಮಾಡಿದರೆ ಆ ಗಾಳಿ ನಿಮಗೂ ಅಪಾಯ. ಕಾರಿನ ಗಾಜು ಇಳಿಸಿಕೊಂಡೇ ಒಯ್ಯಿರಿ.

ಮೈ ಬಿಸಿ, ಊಟ ಬಿಟ್ಟಿದೆ, ನಡುಗುತ್ತದೆ

103 ದಾಟಿದ ಜ್ವರದ ಜೊತೆ ನಡುಕವಿದ್ದರೆ ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ ಹುಡುಕಿ. ಕಂದು ಬಣ್ಣದ ಉಣ್ಣಿ, ಅಥವಾ ರಕ್ತ ಹೀರಿ ಬೂದುಬಣ್ಣದ ಕಾಳಿನಂತೆ ಉಬ್ಬಿದ್ದು ಸಿಕ್ಕರೆ ಉಣ್ಣಿಜ್ವರದ ಅನುಮಾನ ಬಲವಾಗುತ್ತದೆ. ಇಂದು ಉಣ್ಣಿ ಕಾಣದಿದ್ದರೂ ಎರಡು–ಮೂರು ವಾರದ ಹಿಂದಿನ ಕಡಿತ ಈಗ ಜ್ವರ ತಂದಿರಬಹುದು. ಒಸಡು ಬಿಳಿಚುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಇದ್ದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿರಬಹುದು. ರಕ್ತಪರೀಕ್ಷೆ ಮಾಡಿಸಿ, ಬರೆದುಕೊಟ್ಟ ಔಷಧವನ್ನು ಪೂರ್ತಿ ಅವಧಿಗೆ ಕೊಡಿ. ಮೂರು ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಿದರೆ ಮರಳಿ ಬರುತ್ತದೆ. ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಮಳೆಗಾಲದಲ್ಲಿ ಜ್ವರ, ವಾಂತಿ, ಹಳದಿ ಕಣ್ಣು ಕೂಡಿದರೆ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಮೂತ್ರ ಒರೆಸುವಾಗ ಕೈಗವಸು ಹಾಕಿಕೊಳ್ಳಿ.

ಏಪ್ರಿಲ್ ಮಧ್ಯಾಹ್ನ ನಿಂತ ಕಾರಿನಲ್ಲೋ ತಾರಸಿ ಮೇಲೋ ಇದ್ದ ಪಗ್ ಬಾಯಿ ತೆರೆದು ಏದುಸಿರು ಬಿಡುತ್ತ ನಡುಗಿದರೆ ಅದು ಜ್ವರವಲ್ಲ, ಬಿಸಿಲಾಘಾತ. ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ ಆಸ್ಪತ್ರೆಗೆ ಒಯ್ಯಿರಿ.

ಜ್ವರ ಯಾವುದೇ ಇರಲಿ, ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ.

ಎತ್ತಿಕೊಂಡರೆ ಕುಂಯ್ ಎನ್ನುತ್ತದೆ, ಬೆನ್ನು ಬಾಗಿಸಿ ನಡುಗುತ್ತದೆ

ನೋವಿನ ನಡುಕವಿದು. ಡ್ಯಾಶ್‌ಹೌಂಡ್ ಮಂಚ ಹತ್ತಲು ಹಿಂಜರಿದರೆ, ತಲೆ ತಗ್ಗಿಸಿ ನಿಂತರೆ, ಬೆನ್ನುಹುರಿಯ ಮೇಲೆ ಡಿಸ್ಕ್ ಒತ್ತಿರಬಹುದು. ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ತಕ್ಷಣ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ ನರಕ್ಕೆ ಪೆಟ್ಟಾಗಿದೆ, ಒಂದು ದಿನವೂ ತಡಮಾಡುವಂತಿಲ್ಲ. ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ಎಣ್ಣೆ ಹಚ್ಚಿ ನೀವಿದರೆ ಜಾರಿದ ಡಿಸ್ಕ್ ಇನ್ನಷ್ಟು ಜಾರುತ್ತದೆ.

ಮುಂಗಾಲು ಚಾಚಿ ಎದೆ ನೆಲಕ್ಕೂರಿ ಹಿಂಭಾಗ ಮೇಲೆತ್ತಿ ನಿಂತು ನಡುಗಿದರೆ ಹೊಟ್ಟೆನೋವು. ಹಿಂದಿನ ದಿನ ಮಿರ್ಚಿ ಭಜಿ, ಮಟನ್ ಕೊಬ್ಬು, ನಾಲ್ಕು ಪೇಡೆ ತಿಂದಿತ್ತೇ ನೆನಪಿಸಿಕೊಳ್ಳಿ. ಜಿಡ್ಡಿನ ಊಟದ ಬೆನ್ನಿಗೆ ಮೇದೋಜೀರಕ ಗ್ರಂಥಿ ಉರಿಯೂತಗೊಳ್ಳುವುದುಂಟು, ವಾಂತಿ ನಿಲ್ಲುವುದಿಲ್ಲ. ಸಲೈನ್ ಬೇಕಾಗುತ್ತದೆ.

ಮರಿ ಹಾಕಿದ ನಾಯಿ ನಡುಗುತ್ತದೆ

ಮರಿ ಹಾಕಿದ ಮೊದಲ ನಾಲ್ಕು ವಾರಗಳಲ್ಲಿ, ಅದರಲ್ಲೂ ಎರಡು–ಮೂರನೇ ವಾರ ಹಾಲು ಜೋರಾದಾಗ, ಸಣ್ಣ ತಾಯಿ ಹೆಚ್ಚು ಮರಿಗೆ ಹಾಲೂಡುತ್ತಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಮರಿಗಳ ಕಡೆ ನೋಡದೆ ಅಡ್ಡಾಡುವುದು, ಏದುಸಿರು, ಮುಖ ತುರಿಸಿಕೊಳ್ಳುವುದು, ಕಾಲು ಸೆಟೆದು ನಡೆಯುವುದು, ನಡುಕ, ಏರುವ ಜ್ವರ, ಕೆಲವೇ ತಾಸಿನಲ್ಲಿ ಫಿಟ್ಸ್. ಇಲ್ಲಿ ಮನೆಮದ್ದಿಲ್ಲ. ಮರಿಗಳನ್ನು ಬೇರ್ಪಡಿಸಿ, ತಾಯಿಯನ್ನು ಈಗಲೇ ಒಯ್ಯಿರಿ; ಡಾಕ್ಟರು ಎದೆಬಡಿತ ನೋಡುತ್ತ ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುತ್ತಾರೆ. ಬಸಿರಿನಲ್ಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಇದು ತಪ್ಪುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ತಿರುಗಾಮುರುಗಾ: ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಗ್ರಂಥಿ ಸೋಮಾರಿಯಾಗಿ, ಬೇಕಾದಾಗ ಕೆಲಸ ಮಾಡುವುದಿಲ್ಲ.

ಒಂದೇ ಭಾಗ ಮಿಡಿಯುತ್ತದೆ, ತಲೆ ಮಾತ್ರ ಅಲ್ಲಾಡುತ್ತದೆ, ಅಥವಾ ಪ್ರಜ್ಞೆ ತಪ್ಪಿ ಒದ್ದಾಡುತ್ತದೆ

ನಡುಗುವ ನಾಯಿಗೆ ಪ್ರಜ್ಞೆ ಇರುತ್ತದೆ, ಕರೆದರೆ ನೋಡುತ್ತದೆ. ಫಿಟ್ಸ್ ಬಂದದ್ದು ಒಂದು ಮಗ್ಗುಲಿಗೆ ಬಿದ್ದು, ಕಾಲು ತುಳಿಯುತ್ತ, ಮೂತ್ರ ಬಿಡುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಮನೆಯವರ ಗುರುತು ಹತ್ತುವುದಿಲ್ಲ. ಸುತ್ತಲಿನ ಕುರ್ಚಿ ಸರಿಸಿ, ದೀಪ ಆರಿಸಿ, ಗಡಿಯಾರ ನೋಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಏನೂ ಬೇಡ. ಒಂದು ದಿನದಲ್ಲಿ ಎರಡು ಸಲ ಬಂದರೂ ತುರ್ತೇ.

ನಿದ್ದೆಯಲ್ಲೂ ನಿಲ್ಲದೆ ದವಡೆ ಅಥವಾ ಒಂದು ಕಾಲು ತಾಳ ಹಾಕಿದಂತೆ ಮಿಡಿಯುತ್ತಿದ್ದರೆ, ಹಿಂದೆ ಕಣ್ಣು–ಮೂಗಿನಲ್ಲಿ ಕೀವು, ಭೇದಿ ಆಗಿದ್ದರೆ, ಡಿಸ್ಟೆಂಪರ್ ಎಂಬ ಅಂಟುವ ವೈರಸ್ ರೋಗ ನರಕ್ಕೇರಿದೆ ಎಂದು ಅನುಮಾನಿಸಬೇಕು. ಮನೆಯ ಬೇರೆ ನಾಯಿಗಳಿಂದ ದೂರವಿಡಿ. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ ಕೊಡುವ ಲಸಿಕೆ ಸರಣಿಯಲ್ಲಿ ಎರಡನೆಯದನ್ನೋ ಮೂರನೆಯದನ್ನೋ ತಪ್ಪಿಸಿದ ಮರಿಗಳಿಗೆ ಈ ಅಪಾಯ ಉಳಿದೇ ಇರುತ್ತದೆ.

ಚೆನ್ನಾಗಿ ಉಣ್ಣುತ್ತಿದ್ದ ಒಂದೆರಡು ವರ್ಷದ ಮಾಲ್ಟೀಸ್ ಅಥವಾ ಅಂಥದೇ ಸಣ್ಣ ನಾಯಿಗೆ ಒಮ್ಮೆಲೇ ಇಡೀ ಮೈ ನಡುಕ ಬಂದು, ನಡೆದರೆ ಹೆಚ್ಚಿ, ಮಲಗಿದರೆ ಇಳಿದು, ಜ್ವರ–ವಿಷ ಯಾವುದೂ ಸಿಗದಿದ್ದರೆ ಮೆದುಳಿನ ಒಂದು ಬಗೆಯ ಉರಿಯೂತ ಇರಬಹುದು. ಪಶುವೈದ್ಯರು ಕೊಡುವ ಸ್ಟೀರಾಯ್ಡ್‌ಗೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ. ಆ ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತ ಬರಬೇಕು, ಒಮ್ಮೆಲೇ ಬಿಡಬಾರದು.

ಮುದಿ ನಾಯಿಯ ಹಿಂಗಾಲು ನಿಂತಾಗ ನಡುಗುತ್ತದೆ

ಹತ್ತು ದಾಟಿದ ನಾಯಿ ಊಟದ ತಟ್ಟೆಯ ಮುಂದೆ ನಿಂತಾಗ ಹಿಂಗಾಲು ಅದುರಿ, ನಡೆದಾಗ ನಿಲ್ಲುವುದು ಸಾಮಾನ್ಯ. ಸ್ನಾಯು ಸವೆದಿರುತ್ತದೆ, ಕೀಲು ನೋಯುತ್ತಿರುತ್ತದೆ. ತಟ್ಟೆಯನ್ನು ಎದೆಯ ಎತ್ತರಕ್ಕೆ ಇಡಿ, ಜಾರುವ ಫರಶಿಗೆ ರಬ್ಬರ್ ಚಾಪೆ ಹಾಸಿ, ಪಾದದಡಿಯ ಕೂದಲು ಕತ್ತರಿಸಿ, ತೂಕ ಇಳಿಸಿ. ಬಿಟ್ಟು ಬಿಟ್ಟು ಬರುವ ನಡುಕದ ಜೊತೆ ವಾಂತಿ, ನಿತ್ರಾಣ, ಹೆಚ್ಚು ನೀರು ಕುಡಿಯುವುದು ಕಂಡರೆ ವಯಸ್ಸೆಂದು ತಳ್ಳಿಹಾಕದೆ ಮೂತ್ರಪಿಂಡ ಮತ್ತು ಸೋಡಿಯಂ–ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.

ಆಸ್ಪತ್ರೆಗೆ ಒಯ್ಯುವಾಗ

ಹೊರಡುವ ಮೊದಲು ಫೋನ್ ಮಾಡಿ ಡಾಕ್ಟರು ಇದ್ದಾರೆಯೇ, ಸಣ್ಣ ನಾಯಿಗೆ ಸಲೈನ್ ಹಾಕುವ ವ್ಯವಸ್ಥೆ ಇದೆಯೇ ಕೇಳಿ. ರಾತ್ರಿ ಯಾರು ಸಿಗುತ್ತಾರೆ ಎಂಬುದನ್ನು ನಾಯಿ ಆರಾಮಿದ್ದಾಗಲೇ ವಿಚಾರಿಸಿ ನಂಬರ್ ಬರೆದಿಟ್ಟಿರಿ. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ತೂಕ, ವಯಸ್ಸು, ನಡುಕ ಶುರುವಾದ ಹೊತ್ತು, ನೀವು ನೋಡಿದ ಜ್ವರ, ಕೊನೆಯ ಊಟ ಏನು ಯಾವಾಗ, ಕಳೆದ ಒಂದು ವಾರದಲ್ಲಿ ಹಚ್ಚಿದ–ಕೊಟ್ಟ ಔಷಧಗಳೆಲ್ಲ. ದನದ ಔಷಧ ಹಚ್ಚಿದ್ದರೆ ಸಂಕೋಚಪಡದೆ ಹೇಳಿ. ಲಸಿಕೆ ಪುಸ್ತಕ, ವಿಷದ ಡಬ್ಬಿ, ವಾಂತಿಯ ಫೋಟೊ ಜೊತೆಗಿರಲಿ. ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೋಗಬೇಡಿ. ಗಾಳಿಗೆ ಮೈ ಇನ್ನಷ್ಟು ತಣ್ಣಗಾಗುತ್ತದೆ, ದಾರಿಯಲ್ಲಿ ಫಿಟ್ಸ್ ಬಂದರೆ ಕೈಜಾರಿ ಬೀಳುತ್ತದೆ. ಆಟೊ ಹಿಡಿಯಿರಿ. ಗಾಳಿಯಾಡುವ ಬುಟ್ಟಿಯಲ್ಲಿ ಟವೆಲ್ ಹಾಸಿ ಒಂದು ಮಗ್ಗುಲಿಗೆ ಮಲಗಿಸಿ, ಮೂಗು ಮುಚ್ಚದಂತೆ ಹೊದಿಸಿ.